ಆಸ್ಟ್ರೇಲಿಯಾದ ಸ್ಕಿಲ್ಡ್ ವೀಸಾ ಅರ್ಜಿ ತಿರಸ್ಕೃತವಾದಾಗ ಮುಂದೇನು: ಸಮಗ್ರ ಮಾರ್ಗದರ್ಶಿ

ಆಸ್ಟ್ರೇಲಿಯಾದ 189 (ಸ್ವತಂತ್ರ), 190 (ರಾಜ್ಯದ ನಾಮನಿರ್ದೇಶನ) ಅಥವಾ 491 (ಪ್ರಾದೇಶಿಕ, ತಾತ್ಕಾಲಿಕ) ಸಬ್‌ಕ್ಲಾಸ್, ಅಂದರೆ ಕುಶಲ ಕೆಲಸಗಾರರ ವೀಸಾ ಅರ್ಜಿ ತಿರಸ್ಕೃತವಾಗಿದೆ ಎಂಬ ಇಮೇಲ್ ಬಂದೊಡನೆ ಹೆಚ್ಚಿನವರು ಕೇಳುವ ಮೊದಲ ಪ್ರಶ್ನೆ, ‘ಅಪೀಲು ಹಾಕಬಹುದೇ?’ ಎಂಬುದು. ಅದಕ್ಕೆ ಎಲ್ಲರಿಗೂ ಹೊಂದುವ ಉತ್ತರವಿಲ್ಲ. ಅರ್ಜಿ ಯಾವ ನಿಯಮದಡಿ ಬಿದ್ದುಹೋಯಿತು ಮತ್ತು ಅರ್ಜಿದಾರರು ಆಗ ಆಸ್ಟ್ರೇಲಿಯಾದ ಒಳಗಿದ್ದರೇ ಹೊರಗಿದ್ದರೇ ಎಂಬ ಎರಡು ಸಂಗತಿಗಳು ಗೊತ್ತಾದರೆ ಮುಂದಿನ ದಾರಿ ಬಹುಪಾಲು ತಾನಾಗಿಯೇ ತಿಳಿಯುತ್ತದೆ. ಇವೆರಡನ್ನು ತಿಳಿದುಕೊಳ್ಳುವ ಮೊದಲೇ ಯಾರಿಗಾದರೂ ಶುಲ್ಕ ಕಟ್ಟುವುದು, ಹೊಸ ಅರ್ಜಿ ಹಾಕುವುದು, ವೀಸಾ ಕೊಡುವ ಗೃಹ ವ್ಯವಹಾರಗಳ ಇಲಾಖೆಗೆ ಉದ್ದನೆಯ ಇಮೇಲ್ ಬರೆಯುವುದು ಎಲ್ಲವೂ ಸಮಯ ಮತ್ತು ಹಣದ ನಷ್ಟವೇ.

ಇಲಾಖೆಗೆ ಬರೆಯುವ ವಿಚಾರವನ್ನು ಇಲ್ಲಿಯೇ ಮುಗಿಸಿಬಿಡೋಣ. ಒಮ್ಮೆ ನಿರ್ಧಾರ ಹೊರಬಿದ್ದ ಮೇಲೆ, ಅದನ್ನು ಬರೆದ ಅಧಿಕಾರಿ ಹೊಸ ದಾಖಲೆ ನೋಡಿ ಮನಸ್ಸು ಬದಲಾಯಿಸುವಂತಿಲ್ಲ. ಕಾನೂನಿನ ಮಟ್ಟದಲ್ಲೇ ಇಲಾಖೆ ಎಡವಿದ್ದು ಸ್ಪಷ್ಟವಾಗಿರುವ ಅಪರೂಪದ ಪ್ರಕರಣಗಳನ್ನು ಬಿಟ್ಟರೆ, ‘ಈ ಪತ್ರವನ್ನು ಆಗ ಲಗತ್ತಿಸಲು ಮರೆತೆ, ದಯವಿಟ್ಟು ಪರಿಗಣಿಸಿ’ ಎಂಬ ಮನವಿಯಿಂದ ಫಲವಿಲ್ಲ.

ಮೊದಲ ಹೆಜ್ಜೆ: ಪತ್ರವನ್ನು ಓದುವ ಬಗೆ

ಸಾಮಾನ್ಯವಾಗಿ ಎರಡು ದಾಖಲೆಗಳು ಬರುತ್ತವೆ. ಒಂದು, ವೀಸಾ ನಿರಾಕರಿಸಲಾಗಿದೆ ಎಂದು ತಿಳಿಸುವ ಪತ್ರ. ಇನ್ನೊಂದು, ಕಾರಣಗಳನ್ನು ವಿವರಿಸುವ ನಿರ್ಧಾರದ ದಾಖಲೆ. ಜನ ಮೊದಲನೆಯದನ್ನು ಹತ್ತು ಸಲ ಓದಿ ಎರಡನೆಯದರ ಮೇಲೆ ಕಣ್ಣಾಡಿಸಿ ಬಿಡುತ್ತಾರೆ. ಆದರೆ ತಿರುಳಿರುವುದು ಎರಡನೆಯದರಲ್ಲಿ. ವಲಸೆ ನಿಯಮಾವಳಿ, 1994ರ ಯಾವ ಉಪನಿಯಮವನ್ನು ಅರ್ಜಿದಾರರು ಪೂರೈಸಿಲ್ಲ ಎಂಬುದು ಅಲ್ಲಿ ಸಂಖ್ಯೆಯ ಸಮೇತ ಇರುತ್ತದೆ. ಉದಾಹರಣೆಗೆ 189.224 ಎಂದಿದ್ದರೆ ಅದು ಪಾಯಿಂಟ್‌ಗೆ (ವಯಸ್ಸು, ಇಂಗ್ಲಿಷ್, ಅನುಭವ ಮುಂತಾದವಕ್ಕೆ ಸಿಗುವ ಅಂಕಕ್ಕೆ) ಸಂಬಂಧಿಸಿದ ನಿರಾಕರಣೆ. 4020 ಎಂಬ ಸಂಖ್ಯೆ ಕಂಡರೆ ಸುಳ್ಳು ಮಾಹಿತಿ ಅಥವಾ ನಕಲಿ ದಾಖಲೆಯ ಆರೋಪ. 4005 ಆದರೆ ಆರೋಗ್ಯ.

ಪತ್ರ ಓದುತ್ತಲೇ ಮೂರು ಸಂಗತಿಗಳನ್ನು ಒಂದು ಹಾಳೆಯಲ್ಲಿ ಬರೆದಿಟ್ಟುಕೊಳ್ಳಿ: ಪತ್ರದ ದಿನಾಂಕ, ಉಪನಿಯಮದ ಸಂಖ್ಯೆ ಮತ್ತು ಮರುಪರಿಶೀಲನೆಯ ಹಕ್ಕಿನ ಬಗ್ಗೆ ಪತ್ರದಲ್ಲಿರುವ ಪ್ಯಾರಾ. ದಿನಾಂಕದ ವಿಷಯದಲ್ಲಿ ಕಾನೂನು ಕಟ್ಟುನಿಟ್ಟು. ಇಮೇಲ್ ಮೂಲಕ ಕಳಿಸಿದ ಪತ್ರ, ಕಳಿಸಿದ ದಿನದ ಕೊನೆಗೇ ತಲುಪಿತು ಎಂದು ಪರಿಗಣಿತವಾಗುತ್ತದೆ; ಅದು ಸ್ಪ್ಯಾಮ್ ಫೋಲ್ಡರ್‌ಗೆ ಹೋಗಿದ್ದರೂ, ನೀವು ವಾರ ಬಿಟ್ಟು ತೆರೆದಿದ್ದರೂ ಲೆಕ್ಕ ಬದಲಾಗುವುದಿಲ್ಲ. ಪತ್ರವ್ಯವಹಾರಕ್ಕೆ ಏಜೆಂಟರ ಇಮೇಲ್ ಕೊಟ್ಟಿದ್ದರೆ ಅವರಿಗೆ ತಲುಪಿದ್ದೇ ನಿಮಗೆ ತಲುಪಿದಂತೆ. ಹಾಗಾಗಿ ಏಜೆಂಟರು ವಿಷಯ ತಿಳಿಸಿದ ದಿನವನ್ನು ನಂಬದೆ, ಇಲಾಖೆಯ ಆನ್‌ಲೈನ್ ಖಾತೆಯಾದ ಇಮ್ಮಿಅಕೌಂಟ್‌ನಲ್ಲಿರುವ ಮೂಲ ಪತ್ರವನ್ನೇ ತೆರೆದು ನೋಡಬೇಕು. ಪ್ರವೇಶದ ಪಾಸ್‌ವರ್ಡನ್ನು ಏಜೆಂಟರು ತಮ್ಮ ಬಳಿಯೇ ಇಟ್ಟುಕೊಂಡಿದ್ದರೆ, ಪತ್ರದ ಪೂರ್ತಿ ಪ್ರತಿಯನ್ನು ಅಂದೇ ಕೇಳಿ ಪಡೆಯಿರಿ. ಸಾರಾಂಶ ಹೇಳುತ್ತೇನೆ ಎಂದರೆ ಒಪ್ಪಬೇಡಿ.

ಎರಡನೆಯ ಹೆಜ್ಜೆ: ಗಡುವುಗಳನ್ನು ಗುರುತಿಸುವುದು

ಆಡಳಿತಾತ್ಮಕ ಮರುಪರಿಶೀಲನಾ ನ್ಯಾಯಮಂಡಳಿಗೆ ಅರ್ಜಿ ಹಾಕುವ ಹಕ್ಕಿದ್ದರೆ, ಬಂಧನದಲ್ಲಿಲ್ಲದವರಿಗೆ ಇರುವ ಅವಧಿ ನಿರ್ಧಾರ ತಿಳಿಸಿದ ಮೇಲೆ 28 ದಿನಗಳು. ಹಳೆಯ ಆಡಳಿತಾತ್ಮಕ ಮೇಲ್ಮನವಿ ನ್ಯಾಯಮಂಡಳಿಯ (ಎಎಟಿ) ಜಾಗದಲ್ಲಿ 2024ರ ಅಕ್ಟೋಬರ್ 14ರಿಂದ ಕೆಲಸ ಮಾಡುತ್ತಿರುವ ಈ ಹೊಸ ನ್ಯಾಯಮಂಡಳಿಯನ್ನು ಎಲ್ಲರೂ ಎಆರ್‌ಟಿ ಎಂದೇ ಕರೆಯುತ್ತಾರೆ. ವಲಸೆ ಪ್ರಕರಣಗಳಲ್ಲಿ ಈ ಅವಧಿಯನ್ನು ವಿಸ್ತರಿಸುವ ಅಧಿಕಾರ ಅದಕ್ಕಿಲ್ಲ. ಇಪ್ಪತ್ತೊಂಬತ್ತನೆಯ ದಿನ ಆಸ್ಪತ್ರೆಯ ದಾಖಲೆ ಹಿಡಿದು ಹೋದರೂ ಬಾಗಿಲು ಮುಚ್ಚಿರುತ್ತದೆ. ಪತ್ರದಲ್ಲೇ ಗಡುವನ್ನು ತಪ್ಪಾಗಿ ಅಥವಾ ಗೊಂದಲವಾಗುವಂತೆ ನಮೂದಿಸಿದ್ದರೆ ಮಾತ್ರ ವಾದಕ್ಕೆ ಅವಕಾಶ ಉಂಟು, ಆದರೆ ಅದು ವಕೀಲರ ಕೆಲಸ.

ನ್ಯಾಯಾಲಯದ ದಾರಿ ಹಿಡಿಯುವವರಿಗೆ ಇರುವ ಅವಧಿ 35 ದಿನಗಳು. ನ್ಯಾಯದ ಹಿತದೃಷ್ಟಿಯಿಂದ ಅಗತ್ಯವೆನಿಸಿದರೆ ಅದನ್ನು ವಿಸ್ತರಿಸುವ ಅಧಿಕಾರ ನ್ಯಾಯಾಲಯಕ್ಕಿದೆ. ಆದರೂ ವಿಸ್ತರಣೆಯ ಮೇಲೆ ಭರವಸೆಯಿಟ್ಟು ಕೂರುವುದು ಜಾಣತನವಲ್ಲ.

ಆಸ್ಟ್ರೇಲಿಯಾದೊಳಗೆ ಬ್ರಿಜಿಂಗ್ ವೀಸಾ ಎ (ಅರ್ಜಿಯ ನಿರ್ಧಾರವಾಗುವವರೆಗೆ ಉಳಿಯಲು ಕೊಡುವ ತಾತ್ಕಾಲಿಕ ವೀಸಾ) ಮೇಲೆ ಇರುವವರು ಇನ್ನೊಂದು ದಿನಾಂಕವನ್ನು ಗಮನಿಸಬೇಕು. ನಿರಾಕರಣೆ ತಿಳಿಸಿದ ಮೇಲೆ ಅದು ಸಾಮಾನ್ಯವಾಗಿ 35 ದಿನಗಳವರೆಗೆ ಉಳಿಯುತ್ತದೆ. 28 ದಿನಗಳ ಗಡುವಿನೊಳಗೆ ಎಆರ್‌ಟಿಗೆ ಸರಿಯಾಗಿ ಅರ್ಜಿ ಹಾಕಿದ್ದರೆ ಮುಂದುವರಿಯುತ್ತದೆ. ಏನನ್ನೂ ಮಾಡದೆ ಆ ಅವಧಿ ದಾಟಿದರೆ, ದೇಶದಲ್ಲಿರುವುದೇ ಕಾನೂನುಬಾಹಿರವಾಗಿ, ಮುಂದಿನ ಎಲ್ಲ ವೀಸಾಗಳ ಮೇಲೂ ಅದರ ನೆರಳು ಬೀಳುತ್ತದೆ.

ಮೂರನೆಯ ಹೆಜ್ಜೆ: ಕಾರಣವನ್ನು ಬಿಡಿಸಿ ನೋಡುವುದು

ಕಾರಣಗಳಲ್ಲಿ ಹೆಚ್ಚು ನೋವು ಕೊಡುವುದು ಪಾಯಿಂಟ್‌ನ ಲೆಕ್ಕ, ಯಾಕೆಂದರೆ ಬಹುಪಾಲು ಅದು ಪ್ರಾಮಾಣಿಕವಾದ ಎಡವಟ್ಟು. ‘ಪಾಸ್ ಮಾರ್ಕ್ 65, ನನಗೆ 80 ಬರುತ್ತದೆ, ಮತ್ತೇಕೆ ತಿರಸ್ಕರಿಸಿದರು?’ ಎಂದು ಕೇಳುವವರಿದ್ದಾರೆ. ನಿಯಮ ಕೇಳುವುದು 65ನ್ನು ಮಾತ್ರವಲ್ಲ. ಅರ್ಜಿ ಹಾಕಲು ಇಲಾಖೆ ಕಳಿಸುವ ಆಹ್ವಾನದಲ್ಲಿ, ಅಂದರೆ ಇನ್ವಿಟೇಶನ್ ಪತ್ರದಲ್ಲಿ ನಮೂದಾದ ಅಂಕಕ್ಕಿಂತ ಕಡಿಮೆ ಇರಬಾರದು ಎಂದೂ ಕೇಳುತ್ತದೆ. 85 ಪಾಯಿಂಟ್ ತೋರಿಸಿ ಇನ್ವಿಟೇಶನ್ ಪಡೆದವರು 80 ಮಾತ್ರ ಸಾಬೀತು ಮಾಡಿದರೆ, 80ಕ್ಕೇ ಆ ಸುತ್ತಿನಲ್ಲಿ ಇನ್ವಿಟೇಶನ್ ಸಿಗುತ್ತಿತ್ತು ಎಂದಾದರೂ ಅರ್ಜಿ ನಿಲ್ಲುವುದಿಲ್ಲ.

ಸಾಫ್ಟ್‌ವೇರ್ ಕ್ಷೇತ್ರದವರು ಇದರಲ್ಲಿ ಸಿಕ್ಕಿಬೀಳುವ ಬಗೆಯನ್ನು ಹತ್ತಿರದಿಂದ ನೋಡೋಣ. 2014ರ ಜುಲೈಯಲ್ಲಿ ಕೆಲಸಕ್ಕೆ ಸೇರಿದ ಎಂಜಿನಿಯರ್ ಒಬ್ಬರಿಗೆ 2023ರ ಸೆಪ್ಟೆಂಬರ್‌ನಲ್ಲಿ ಇನ್ವಿಟೇಶನ್ ಬಂತು ಎಂದುಕೊಳ್ಳಿ. ಅವರ ಲೆಕ್ಕದಲ್ಲಿ ಒಂಬತ್ತು ವರ್ಷಕ್ಕೂ ಮೀರಿದ ಅನುಭವ. ಎಂಟು ವರ್ಷ ದಾಟಿದ ವಿದೇಶಿ ಅನುಭವಕ್ಕೆ 15 ಪಾಯಿಂಟ್. ಆದರೆ ಐಟಿ ವೃತ್ತಿಗಳ ಅರ್ಹತೆ ಅಳೆಯುವ ಆಸ್ಟ್ರೇಲಿಯನ್ ಕಂಪ್ಯೂಟರ್ ಸೊಸೈಟಿ (ಎಸಿಎಸ್) ಕೊಟ್ಟ ಸ್ಕಿಲ್ ಅಸೆಸ್‌ಮೆಂಟ್ ಪತ್ರದ ಮಧ್ಯದಲ್ಲಿ ಒಂದು ಸಾಲಿರುತ್ತದೆ: ‘2016ರ ಜುಲೈ ನಂತರದ ಉದ್ಯೋಗವನ್ನು ಕುಶಲ ಮಟ್ಟದ್ದೆಂದು ಪರಿಗಣಿಸಲಾಗಿದೆ.’ ಕೌಶಲ ಗಳಿಸಲು ಬೇಕಾದ ಅವಧಿಯೆಂದು ಮೊದಲ ಎರಡು ವರ್ಷಗಳನ್ನು ಎಸಿಎಸ್ ಕಳೆದಿದೆ. ಉಳಿದದ್ದು ಏಳು ವರ್ಷ ಚಿಲ್ಲರೆ, ಅಂದರೆ 10 ಪಾಯಿಂಟ್. ಪತ್ರದ ಮೇಲ್ಭಾಗದಲ್ಲಿ ‘ಸೂಕ್ತ’ ಎಂಬ ಫಲಿತಾಂಶವನ್ನಷ್ಟೇ ಓದಿ ಸಂತೋಷಪಟ್ಟು, ಆಸಕ್ತಿ ದಾಖಲಿಸುವ ಆನ್‌ಲೈನ್ ವ್ಯವಸ್ಥೆಯಾದ ಸ್ಕಿಲ್‌ಸೆಲೆಕ್ಟ್‌ನಲ್ಲಿ ಆರಂಭದ ದಿನಾಂಕವಾಗಿ 2014ನ್ನೇ ತುಂಬಿ, ಆ ವರ್ಷಗಳೂ ಸಂಬಂಧಪಟ್ಟ ಉದ್ಯೋಗವೇ ಎಂದು ಗುರುತು ಹಾಕಿದ್ದರಿಂದ ಐದು ಪಾಯಿಂಟ್ ಹೆಚ್ಚಾಗಿ ದಾಖಲಾಯಿತು. ಅರ್ಜಿ ಬಿದ್ದದ್ದು ಅಲ್ಲಿ.

ಇದೇ ಜಾತಿಯ ಇನ್ನೊಂದು ಎಡವಟ್ಟು, ಕೆಲಸ ಬಿಟ್ಟ ಮೇಲೂ ಸ್ಕಿಲ್‌ಸೆಲೆಕ್ಟ್‌ನಲ್ಲಿ ಅಂತಿಮ ದಿನಾಂಕ ತುಂಬದಿರುವುದು. ಜಾಗ ಖಾಲಿಯಿದ್ದರೆ ಉದ್ಯೋಗ ಮುಂದುವರಿದಿದೆ ಎಂದೇ ಆ ವ್ಯವಸ್ಥೆ ಭಾವಿಸಿ, ವರ್ಷ ತುಂಬಿದಾಗ ಪಾಯಿಂಟನ್ನು ತಾನೇ ಏರಿಸುತ್ತದೆ.

ಇಲ್ಲಿ ಒಂದು ಸೂಕ್ಷ್ಮವಿದೆ. ಪಾಯಿಂಟ್‌ಗಳು ಇನ್ವಿಟೇಶನ್ ಬಂದ ದಿನದ ಸ್ಥಿತಿಗೆ ಕಟ್ಟುಬಿದ್ದಿವೆ. ಆ ದಿನದ ನಂತರ ಇಂಗ್ಲಿಷ್ ಪರೀಕ್ಷೆಯಲ್ಲಿ ಹೆಚ್ಚು ಅಂಕ ಬಂದರೂ, ಅನುಭವ ಎಂಟು ವರ್ಷ ದಾಟಿದರೂ ಹಳೆಯ ಅರ್ಜಿಗೆ ಪ್ರಯೋಜನವಿಲ್ಲ. ಆದರೆ ಆ ದಿನಕ್ಕೆ ಮೊದಲೇ ಇದ್ದ ಸಂಗತಿಗೆ ಈಗ ಸಿಕ್ಕ ಹೊಸ ಪುರಾವೆಯ ಮಾತು ಬೇರೆ. ಕೆಲಸ ಮಾಡಿದ್ದು ನಿಜ, ಸಂಬಳದ ದಾಖಲೆ ಸಾಲದೆಂದು ಅಧಿಕಾರಿ ಒಪ್ಪಲಿಲ್ಲ ಎಂದಾದರೆ, ಮರುಪರಿಶೀಲನೆಯ ಹಕ್ಕಿರುವವರು ಪಿಎಫ್ ಪಾಸ್‌ಬುಕ್, ಫಾರ್ಮ್ 16, ಬ್ಯಾಂಕ್ ಸ್ಟೇಟ್‌ಮೆಂಟುಗಳನ್ನು ನ್ಯಾಯಮಂಡಳಿಯ ಮುಂದೆ ಇಡಬಹುದು. ನಿಮ್ಮ ಪ್ರಕರಣ ಇವೆರಡರಲ್ಲಿ ಯಾವುದು ಎಂಬುದರ ಮೇಲೆಯೇ ಮುಂದೆ ಹೋರಾಡುವುದೋ ಬಿಡುವುದೋ ನಿಂತಿದೆ.

ಸ್ಕಿಲ್ ಅಸೆಸ್‌ಮೆಂಟ್ ಮತ್ತು ಇಂಗ್ಲಿಷ್ ಪರೀಕ್ಷೆಯ ನಿರಾಕರಣೆಗಳೂ ಹೆಚ್ಚಾಗಿ ದಿನಾಂಕದ ತಕರಾರೇ. ಇನ್ವಿಟೇಶನ್ ದಿನದಂದು ಅಸೆಸ್‌ಮೆಂಟ್‌ಗೆ ಮೂರು ವರ್ಷ ಮೀರಿತ್ತು, ಅಥವಾ ಅದು ಬೇರೆ ಉದ್ಯೋಗದ ಹೆಸರಿನಲ್ಲಿತ್ತು ಎಂಬಂಥವು. ಇವುಗಳಿಗೆ ಹೊಸ ಅರ್ಜಿಯೇ ಮದ್ದು.

4020 ಬಂದಿದ್ದರೆ

ಈ ಸಂಖ್ಯೆ ಕಂಡವರು ಉಳಿದೆಲ್ಲವನ್ನೂ ಬದಿಗಿಟ್ಟು ಇದನ್ನೇ ನೋಡಬೇಕು. ಸಾರ್ವಜನಿಕ ಹಿತಾಸಕ್ತಿ ಮಾನದಂಡ 4020ರ ಪ್ರಕಾರ, ಅರ್ಜಿಯಲ್ಲಿ ನಕಲಿ ದಾಖಲೆ ಅಥವಾ ಮುಖ್ಯ ಸಂಗತಿಯೊಂದರ ಬಗ್ಗೆ ಸುಳ್ಳು, ದಾರಿತಪ್ಪಿಸುವ ಮಾಹಿತಿ ಇದ್ದರೆ ವೀಸಾ ನಿರಾಕರಿಸಬಹುದಷ್ಟೇ ಅಲ್ಲ, ಆಮೇಲೆ ಮೂರು ವರ್ಷಗಳ ಕಾಲ ಈ ಮಾನದಂಡ ಅನ್ವಯವಾಗುವ ಇತರ ವೀಸಾಗಳೂ ಸಿಗುವುದಿಲ್ಲ. ಗುರುತನ್ನೇ ಸಾಬೀತು ಮಾಡಲಾಗದ ಪ್ರಕರಣಗಳಲ್ಲಿ ಅದು ಹತ್ತು ವರ್ಷ. ಅರ್ಜಿಯಲ್ಲಿ ಸೇರಿದ್ದ ಗಂಡ ಅಥವಾ ಹೆಂಡತಿ, ಮಕ್ಕಳ ಮೇಲೂ ಇದರ ಪರಿಣಾಮ ಬೀಳುತ್ತದೆ.

ಭಾರತದ ಅರ್ಜಿದಾರರ ವಿಷಯದಲ್ಲಿ ಈ ಆರೋಪ ಹೆಚ್ಚಾಗಿ ಹುಟ್ಟುವುದು ಉದ್ಯೋಗದ ಪರಿಶೀಲನೆಯಿಂದ. ಹಳೆಯ ಕಂಪನಿಗೆ ಫೋನ್ ಹೋಗುತ್ತದೆ. ಫೋನ್ ಎತ್ತಿದ ಎಚ್‌ಆರ್‌ನವರು ಹೊಸಬರು. ‘ಆ ಹೆಸರಿನವರು ಗೊತ್ತಿಲ್ಲ’ ಎನ್ನುತ್ತಾರೆ. ಅಥವಾ ಅನುಭವ ಪತ್ರಕ್ಕೆ ಸಹಿ ಹಾಕಿದವರು ‘ಸಹಿ ಹಾಕಿದ್ದು ಹೌದು, ಕೆಲಸದ ವಿವರ ಬರೆದದ್ದು ನಾನಲ್ಲ’ ಎನ್ನುತ್ತಾರೆ. ಇಂಥ ಮಾಹಿತಿ ಸಿಕ್ಕಾಗ ಇಲಾಖೆ ಸಾಮಾನ್ಯವಾಗಿ ಮೊದಲು ವಿವರಣೆ ಕೇಳಿ ಪತ್ರ ಕಳಿಸುತ್ತದೆ. ಆ ಪತ್ರ ಬಂದಿತ್ತೇ, ಏಜೆಂಟರು ಉತ್ತರಿಸಿದರೇ, ಏನೆಂದು ಉತ್ತರಿಸಿದರು ಎಂಬುದನ್ನು ಈಗ ಪತ್ತೆ ಹಚ್ಚಲೇಬೇಕು.

ಪ್ರತಿ ತಪ್ಪೂ 4020 ಅಲ್ಲ ಎಂಬುದು ಇಲ್ಲಿನ ಸಮಾಧಾನದ ಸಂಗತಿ. 2014ರ ತ್ರಿವೇದಿ ಪ್ರಕರಣದಲ್ಲಿ ಫೆಡರಲ್ ನ್ಯಾಯಾಲಯದ ಪೂರ್ಣಪೀಠ, ಈ ಮಾನದಂಡ ಅನ್ವಯವಾಗಲು ಸುಳ್ಳಿನ ಹಿಂದೆ ಉದ್ದೇಶಪೂರ್ವಕ ವಂಚನೆಯ ಅಂಶ ಇರಬೇಕು, ಕೈತಪ್ಪಿನಿಂದಾದ ದೋಷ ಸಾಲದು ಎಂದಿತು. ಆದರೆ ಆ ವಂಚನೆ ಅರ್ಜಿದಾರರದ್ದೇ ಆಗಿರಬೇಕಿಲ್ಲ ಎಂದೂ ಅದೇ ತೀರ್ಪು ಹೇಳುತ್ತದೆ. ಹೀಗಾಗಿ ‘ಏಜೆಂಟರು ತಯಾರಿಸಿದ ಪತ್ರ ನಕಲಿ ಎಂದು ನನಗೆ ಗೊತ್ತಿರಲಿಲ್ಲ’ ಎಂಬ ವಾದ ಅಷ್ಟರಿಂದಲೇ ಗೆಲ್ಲುವುದಿಲ್ಲ. ಆಸ್ಟ್ರೇಲಿಯಾದ ಹಿತಕ್ಕೆ ಸಂಬಂಧಿಸಿದ ಬಲವಾದ ಕಾರಣ, ಅಥವಾ ಅಲ್ಲಿನ ಪ್ರಜೆ ಇಲ್ಲವೇ ಕಾಯಂ ನಿವಾಸಿಯೊಬ್ಬರ ಹಿತಕ್ಕೆ ಸಂಬಂಧಿಸಿದ ಅನುಕಂಪದ ಅಥವಾ ಬಲವಾದ ಕಾರಣ ಇದ್ದರೆ ವಿನಾಯಿತಿ ಕೇಳಬಹುದು. ಗುರುತಿನ ಪ್ರಕರಣಗಳಿಗೆ ವಿನಾಯಿತಿಯಿಲ್ಲ. ಸ್ವಂತ ವೃತ್ತಿಜೀವನ ಹಾಳಾಯಿತು ಎಂಬ ಕಾರಣ ಈ ಎರಡರಲ್ಲಿ ಯಾವುದಕ್ಕೂ ಸೇರುವುದಿಲ್ಲ.

ಆರೋಗ್ಯದ ಮಾನದಂಡದ ಬಗ್ಗೆ ಚಿಕ್ಕದಾಗಿ. ಕುಟುಂಬದ ಒಬ್ಬರ ಕಾಯಿಲೆಯ ಅಂದಾಜು ವೆಚ್ಚ ಮಿತಿ ದಾಟಿದರೆ ಇಡೀ ಕುಟುಂಬದ ಅರ್ಜಿ ಬೀಳುತ್ತದೆ. 2024ರ ಜುಲೈ 1ರಂದು ಆ ಮಿತಿಯನ್ನು 86,000 ಆಸ್ಟ್ರೇಲಿಯನ್ ಡಾಲರ್‌ಗೆ ಏರಿಸಲಾಯಿತು. 189 ಮತ್ತು 190ಕ್ಕೆ ಅನ್ವಯವಾಗುವ 4005ರಲ್ಲಿ ವಿನಾಯಿತಿಗೆ ಅವಕಾಶವಿಲ್ಲ. ಹಳೆಯ ಮಿತಿಯಡಿ ತಿರಸ್ಕೃತರಾದವರು ಹೊಸ ಮಿತಿಯಡಿ ಮತ್ತೆ ಪ್ರಯತ್ನಿಸಲು ಸಾಧ್ಯವೇ ಎಂದು ವೈದ್ಯಾಧಿಕಾರಿಯ ಅಭಿಪ್ರಾಯದ ಪ್ರತಿ ತರಿಸಿ ನೋಡಬೇಕು.

ನಾಲ್ಕನೆಯ ಹೆಜ್ಜೆ: ನಿಮ್ಮ ಕಡತವನ್ನು ತರಿಸಿಕೊಳ್ಳುವುದು

ನಿರ್ಧಾರದ ದಾಖಲೆಯಲ್ಲಿ ‘ಪರಿಶೀಲನೆಯಿಂದ ತಿಳಿದುಬಂದಂತೆ’ ಎಂದಷ್ಟೇ ಇದ್ದರೆ, ಯಾರು ಯಾರಿಗೆ ಯಾವಾಗ ಫೋನ್ ಮಾಡಿದರು ಎಂಬುದು ಕಡತದಲ್ಲಿರುತ್ತದೆ. ಅಲ್ಲಿನ ಮಾಹಿತಿ ಸ್ವಾತಂತ್ರ್ಯ ಕಾಯ್ದೆ, 1982ರಡಿ ನಿಮ್ಮದೇ ಕಡತದ ಪ್ರತಿಯನ್ನು ಕೇಳಬಹುದು. ಸ್ವಂತ ಮಾಹಿತಿಗೆ ಶುಲ್ಕವಿಲ್ಲ. ಕಾನೂನಿನಂತೆ ಉತ್ತರಕ್ಕೆ 30 ದಿನಗಳ ಅವಧಿ, ಆದರೆ ತಡವಾಗುವುದುಂಟು. 28 ದಿನಗಳ ಗಡುವಿಗೂ ಇದಕ್ಕೂ ಹೊಂದಾಣಿಕೆಯಾಗದ ಕಾರಣ, ಹಕ್ಕಿರುವವರು ಕಡತಕ್ಕಾಗಿ ಕಾಯದೆ ಮೊದಲು ಮರುಪರಿಶೀಲನೆಯ ಅರ್ಜಿ ಹಾಕಬೇಕು, ಕಡತ ಬಂದ ಮೇಲೆ ವಾದವನ್ನು ಬರೆಯಬೇಕು. ಹೊಸ ಅರ್ಜಿಯನ್ನಷ್ಟೇ ಯೋಚಿಸುತ್ತಿರುವವರೂ ಕಡತ ನೋಡದೆ ಮುಂದುವರಿಯಬಾರದು ಎಂಬುದು ನನ್ನ ಖಚಿತ ಅಭಿಪ್ರಾಯ. ಪಾಯಿಂಟ್ ಕಾರಣಕ್ಕೆ ಬಿದ್ದ ಅರ್ಜಿಯ ಕಡತದಲ್ಲೂ ಕಂಪನಿಯವರ ಅಸಡ್ಡೆಯ ಉತ್ತರವೊಂದು ಟಿಪ್ಪಣಿಯಾಗಿ ಕುಳಿತಿರಬಹುದು; ಅದು ಮುಂದಿನ ಅಧಿಕಾರಿಯ ಕಣ್ಣಿಗೂ ಬೀಳುತ್ತದೆ.

ಐದನೆಯ ಹೆಜ್ಜೆ: ದಾರಿಯನ್ನು ಆರಿಸಿಕೊಳ್ಳುವುದು

ಆಸ್ಟ್ರೇಲಿಯಾದೊಳಗಿಂದ ಅರ್ಜಿ ಹಾಕಿದ್ದವರಿಗೆ ಸಾಮಾನ್ಯವಾಗಿ ಎಆರ್‌ಟಿಯ ದಾರಿ ತೆರೆದಿರುತ್ತದೆ. ಭಾರತದಲ್ಲಿದ್ದುಕೊಂಡು ಅರ್ಜಿ ಹಾಕಿ, ನಿರಾಕರಣೆಯ ದಿನವೂ ಹೊರಗೇ ಇದ್ದವರಿಗೆ ಈ ಮೂರು ಸಬ್‌ಕ್ಲಾಸ್‌ಗಳಲ್ಲಿ ಸಾಮಾನ್ಯವಾಗಿ ಆ ಹಕ್ಕಿಲ್ಲ. ಹೊರಗಿನಿಂದ ಕಾಯಂ ವೀಸಾಗೆ ಅರ್ಜಿ ಹಾಕಿ, ನಿರ್ಧಾರವಾದ ದಿನ ಮತ್ತು ಮರುಪರಿಶೀಲನೆ ಕೋರುವ ದಿನ ಎರಡರಲ್ಲೂ ಆಸ್ಟ್ರೇಲಿಯಾದಲ್ಲಿ ಇದ್ದವರದ್ದು ಬೇರೆ ಪ್ರಕರಣ; ಅವರಿಗೆ ಆ ಹಕ್ಕಿದೆ. ನಿರಾಕರಣೆಯ ಮರುದಿನ ಆಸ್ಟ್ರೇಲಿಯಾಕ್ಕೆ ವಿಮಾನ ಹತ್ತಿದರೆ ಆ ಹಕ್ಕು ಹುಟ್ಟುವುದಿಲ್ಲ.

ಎಆರ್‌ಟಿಯ ಮುಂದೆ ಪ್ರಕರಣ ಹೊಸದಾಗಿ ವಿಚಾರಣೆಗೆ ಬರುತ್ತದೆ, ಹೊಸ ಪುರಾವೆಯೂ ನಡೆಯುತ್ತದೆ. ಶುಲ್ಕ 3,500 ಡಾಲರ್ ಆಸುಪಾಸು. ಪ್ರತಿ ಜುಲೈಯಲ್ಲಿ ಬದಲಾಗುತ್ತದೆ. ತೀರ್ಪು ನಿಮ್ಮ ಪರವಾದರೆ ಅರ್ಧ ಹಿಂದಿರುಗುತ್ತದೆ. ತೀವ್ರ ಆರ್ಥಿಕ ಸಂಕಷ್ಟ ತೋರಿಸಿದರೆ ಮೊದಲೇ ಅರ್ಧಕ್ಕೆ ಇಳಿಸುವಂತೆ ಕೇಳಬಹುದು. ಮೇಲೆ ಹೇಳಿದ ಎಸಿಎಸ್ ದಿನಾಂಕದಂಥ ಪ್ರಕರಣವಾದರೆ ಇಲ್ಲಿ ಗೆಲ್ಲುವ ಆಸೆ ತೀರಾ ಕಡಿಮೆ, ಏಕೆಂದರೆ ನ್ಯಾಯಮಂಡಳಿಯೂ ಅದೇ ನಿಯಮಕ್ಕೆ ಬದ್ಧ. ಪುರಾವೆಯನ್ನು ನಂಬಲಿಲ್ಲ ಎಂಬ ಪ್ರಕರಣ, 4020ರ ಪ್ರಕರಣ ಇವುಗಳಲ್ಲಿ ಹಣ ಹೂಡುವುದಕ್ಕೆ ಅರ್ಥವಿದೆ. ಎಆರ್‌ಟಿಯಲ್ಲೂ ಸೋತವರು ವಲಸೆ ಕಾಯ್ದೆಯ 351ನೇ ಸೆಕ್ಷನ್ ಅಡಿ ಸಚಿವರಿಗೆ ಮನವಿ ಮಾಡಬಹುದು. ಮಧ್ಯಪ್ರವೇಶಿಸಲೇಬೇಕೆಂಬ ಕರ್ತವ್ಯ ಸಚಿವರಿಗಿಲ್ಲವಾದ್ದರಿಂದ ಅದನ್ನು ಯೋಜನೆಯ ಭಾಗವಾಗಿ ಎಣಿಸಬಾರದು.

ಮರುಪರಿಶೀಲನೆಯ ಹಕ್ಕಿಲ್ಲದವರಿಗೆ ಫೆಡರಲ್ ಸರ್ಕ್ಯೂಟ್ ಮತ್ತು ಕುಟುಂಬ ನ್ಯಾಯಾಲಯದ ಎರಡನೇ ವಿಭಾಗ ಉಳಿಯುತ್ತದೆ. ಅದು ವೀಸಾ ಕೊಡುವ ನ್ಯಾಯಾಲಯವಲ್ಲ. ಅಧಿಕಾರಿ ಕಾನೂನನ್ನು ತಪ್ಪಾಗಿ ಅರ್ಥಮಾಡಿಕೊಂಡರೇ, ಮುಖ್ಯ ದಾಖಲೆಯನ್ನು ನೋಡದೆ ಬಿಟ್ಟರೇ, ಉತ್ತರಿಸಲು ನ್ಯಾಯಯುತ ಅವಕಾಶ ಕೊಡಲಿಲ್ಲವೇ ಎಂಬುದನ್ನಷ್ಟೇ ನೋಡಿ, ಗಂಭೀರ ದೋಷವಿದ್ದರೆ ಪ್ರಕರಣವನ್ನು ಇಲಾಖೆಗೆ ಮರಳಿಸುತ್ತದೆ. ಸೋತರೆ ಎದುರು ಪಕ್ಷದ ವೆಚ್ಚವನ್ನೂ ಭರಿಸಬೇಕಾಗಬಹುದು. ‘ನಿರ್ಧಾರ ಅನ್ಯಾಯದ್ದು’ ಎಂಬ ಭಾವನೆಯೊಂದನ್ನೇ ಹೊತ್ತು ಇಲ್ಲಿಗೆ ಹೋಗುವುದು ಬೇಡ.

ಹೊಸ ಅರ್ಜಿಯ ದಾರಿಯಲ್ಲಿ, ಒಳಗಿರುವವರಿಗೆ 48ನೇ ಸೆಕ್ಷನ್ನಿನ ತಡೆ ಎದುರಾಗುತ್ತದೆ. ಕೊನೆಯ ಬಾರಿ ದೇಶ ಪ್ರವೇಶಿಸಿದ ಮೇಲೆ ವೀಸಾ ನಿರಾಕರಣೆಯಾಗಿದ್ದು, ಈಗ ಕೈಯಲ್ಲಿ ಬ್ರಿಜಿಂಗ್ ವೀಸಾ ಬಿಟ್ಟು ಬೇರೆ ವೀಸಾ ಇಲ್ಲದವರು ಅಲ್ಲಿಂದಲೇ ಹೆಚ್ಚಿನ ವೀಸಾಗಳಿಗೆ ಅರ್ಜಿ ಹಾಕುವಂತಿಲ್ಲ. 2021ರ ನವೆಂಬರ್ 13ರಿಂದ 190, 491 ಮತ್ತು ಉದ್ಯೋಗದಾತರು ಪ್ರಾಯೋಜಿಸುವ ಪ್ರಾದೇಶಿಕ ವೀಸಾ 494ಕ್ಕೆ ಇದರಿಂದ ವಿನಾಯಿತಿಯಿದೆ, 189ಕ್ಕೆ ಇಲ್ಲ. ಬ್ರಿಜಿಂಗ್ ವೀಸಾ ಬಿ ಪಡೆದು ಹೊರಗೆ ಹೋಗಿ ಬಂದರೆ ತಡೆ ಕಳಚುವುದಿಲ್ಲ. ಆದರೆ 485ರಂಥ (ಅಲ್ಲಿ ಓದಿದ ಪದವೀಧರರ ತಾತ್ಕಾಲಿಕ) ವೀಸಾ ಇನ್ನೂ ಚಾಲ್ತಿಯಲ್ಲಿರುವವರಿಗೆ ಈ ತಡೆ ಸದ್ಯಕ್ಕೆ ಅನ್ವಯಿಸುವುದಿಲ್ಲ, ಹಾಗಾಗಿ ಆ ವೀಸಾ ಮುಗಿಯುವ ದಿನಾಂಕವನ್ನು ನೋಡಿಕೊಂಡೇ ಹೆಜ್ಜೆಯಿಡಬೇಕು.

ಸಲಹೆಗಾರರನ್ನು ಆರಿಸುವಾಗ

ಆಸ್ಟ್ರೇಲಿಯಾದಲ್ಲಿ ವಲಸೆ ಸಲಹೆ ನೀಡುವವರು ಅಲ್ಲಿನ ನಿಯಂತ್ರಣ ಕಚೇರಿಯಲ್ಲಿ ನೋಂದಾಯಿತ ಏಜೆಂಟರಾಗಿರಬೇಕು ಅಥವಾ ವಕೀಲರಾಗಿರಬೇಕು. ಏಜೆಂಟರಿಗೆ ಏಳು ಅಂಕಿಗಳ ನೋಂದಣಿ ಸಂಖ್ಯೆ ಇರುತ್ತದೆ. ಅದನ್ನು ಸರ್ಕಾರಿ ಜಾಲತಾಣದಲ್ಲೇ ಹುಡುಕಿ ನೋಡಬಹುದು. ಹೊರದೇಶದಲ್ಲಿ ಕುಳಿತು ಸಲಹೆ ಕೊಡುವವರಿಗೆ ಈ ನೋಂದಣಿ ಕಡ್ಡಾಯವಲ್ಲ, ಹಾಗಾಗಿ ಅವರ ತಪ್ಪಿಗೆ ಅಲ್ಲಿ ದೂರು ಕೊಡುವ ದಾರಿಯೂ ಕಿರಿದು. ತಿರಸ್ಕೃತವಾದ ಅರ್ಜಿಯನ್ನು ತಯಾರಿಸಿದವರಿಂದಲೇ ಅದರ ದೋಷದ ವಿಶ್ಲೇಷಣೆ ಪಡೆಯುವುದರಲ್ಲಿ ಅರ್ಥವಿಲ್ಲ. ನಿರ್ಧಾರದ ದಾಖಲೆ ಮತ್ತು ಸಲ್ಲಿಸಿದ ಅರ್ಜಿಯ ಪ್ರತಿಯೊಂದಿಗೆ ಬೇರೊಬ್ಬರಿಂದ ಒಂದು ಬಾರಿಯ ಲಿಖಿತ ಸಲಹೆ ಪಡೆಯಿರಿ. ಶೇಕಡಾ ನೂರು ಗೆಲ್ಲಿಸುತ್ತೇವೆ ಎನ್ನುವವರನ್ನು ಅಲ್ಲಿಯೇ ಬಿಟ್ಟು ಬನ್ನಿ.

ಆರನೆಯ ಹೆಜ್ಜೆ: ಹೊಸ ಅರ್ಜಿಯ ಸಿದ್ಧತೆ

ಹಳೆಯ ಇನ್ವಿಟೇಶನ್ ಮುಗಿದ ಕಥೆ. ಕಟ್ಟಿದ ವೀಸಾ ಶುಲ್ಕವೂ ನಿರಾಕರಣೆಯ ಕಾರಣಕ್ಕೆ ಹಿಂದಿರುಗುವುದಿಲ್ಲ. ಸ್ಕಿಲ್‌ಸೆಲೆಕ್ಟ್‌ನಲ್ಲಿ ಹೊಸದಾಗಿ ಆಸಕ್ತಿ ದಾಖಲಿಸಿ, ಹೊಸ ಇನ್ವಿಟೇಶನ್‌ಗೆ ಕಾಯಬೇಕು. ಬಂದ ಮೇಲೆ ಅರ್ಜಿಗೆ 60 ದಿನಗಳು. ಕಾಯುತ್ತಿರುವಾಗ ವಯಸ್ಸಿನ ಪಾಯಿಂಟ್ ಕುಸಿಯುತ್ತದೆ ಎಂಬುದನ್ನು ಮರೆಯಬೇಡಿ: 25ರಿಂದ 32 ವರ್ಷದವರಿಗೆ 30, 33 ತುಂಬಿದೊಡನೆ 25, 40 ತುಂಬಿದರೆ 15, ಇನ್ವಿಟೇಶನ್ ಬರುವಾಗ 45 ತುಂಬಿದ್ದರೆ ಅರ್ಹತೆಯೇ ಇಲ್ಲ. ಕಳೆದುಹೋದ ಪಾಯಿಂಟನ್ನು ಬೇರೆಡೆಯಿಂದ ತುಂಬಿಸಿಕೊಳ್ಳಬೇಕಾದೀತು. ರಾಜ್ಯದ ನಾಮನಿರ್ದೇಶನ ಸಿಕ್ಕರೆ 190ಕ್ಕೆ 5, 491ಕ್ಕೆ 15 ಪಾಯಿಂಟ್. ಇಂಗ್ಲಿಷ್‌ನ ಅತ್ಯುನ್ನತ ಮಟ್ಟ ತಲುಪಿದರೆ 20.

ಲೆಕ್ಕವನ್ನು ಈ ಬಾರಿ ಹಿಂದಿನಿಂದ ಮುಂದಕ್ಕೆ ಮಾಡಿ. ಕೈಯಲ್ಲಿರುವ ದಾಖಲೆಯನ್ನು ಮೊದಲು ಇಟ್ಟುಕೊಂಡು, ಅದು ಸಾಬೀತು ಮಾಡುವಷ್ಟೇ ಪಾಯಿಂಟ್ ಬರೆಯಿರಿ. ಯಾವ ದಿನಾಂಕದ ನಂತರದ ಉದ್ಯೋಗ ಕುಶಲ ಮಟ್ಟದ್ದೆಂದು ಅಸೆಸ್‌ಮೆಂಟ್ ಪತ್ರ ಹೇಳುತ್ತದೋ ಅದಕ್ಕೆ ಮೊದಲಿನ ಉದ್ಯೋಗವನ್ನು ನಮೂದಿಸಬೇಕು, ಆದರೆ ಸಂಬಂಧಪಟ್ಟದ್ದಲ್ಲ ಎಂದು ಗುರುತು ಹಾಕಿ, ಉದ್ಯೋಗ ಒಂದೇ ಆಗಿದ್ದರೂ ಆ ದಿನಾಂಕಕ್ಕೆ ಸರಿಯಾಗಿ ಎರಡು ಭಾಗ ಮಾಡಿ ತುಂಬಬೇಕು. ಹೆಚ್ಚು ಪಾಯಿಂಟ್ ತೋರಿಸಿಬಿಟ್ಟಿದ್ದೇವೆ ಎಂದು ಇನ್ವಿಟೇಶನ್ ಬಂದ ಮೇಲೆ ಗೊತ್ತಾದರೆ ಅರ್ಜಿಯನ್ನೇ ಹಾಕದಿರುವುದು ಮೇಲು. ಅರ್ಜಿ ಹಾಕಿದ ಮೇಲೆ ಗೊತ್ತಾದರೆ, ನಿರ್ಧಾರ ಬರುವ ಮೊದಲೇ ಹಿಂಪಡೆಯುವುದರಿಂದ ಶುಲ್ಕ ಹೋದರೂ ನಿರಾಕರಣೆಯ ದಾಖಲೆ ಉಳಿಯುವುದಿಲ್ಲ.

ಹಿಂದಿನ ಅರ್ಜಿಯಲ್ಲಿ ತಪ್ಪಾಗಿದ್ದುದನ್ನು ಹೊಸ ಅರ್ಜಿಯೊಂದಿಗೆ ಒಂದೆರಡು ಪುಟದ ವಿವರಣೆಯಲ್ಲಿ ಬರೆಯಿರಿ: ಯಾವ ದಿನಾಂಕ ಹೇಗೆ ತಪ್ಪಿತು, ಈಗ ಯಾವುದು ಸರಿ, ಅದಕ್ಕೆ ಯಾವ ದಾಖಲೆ. ಎರಡು ಅರ್ಜಿಗಳ ನಡುವೆ ವಿವರಣೆಯಿಲ್ಲದ ವ್ಯತ್ಯಾಸ ಉಳಿದರೆ ಅದೇ 4020ರ ಪ್ರಶ್ನೆಗೆ ಬೀಜವಾಗುತ್ತದೆ. ಅನುಭವ ಪತ್ರಕ್ಕೆ ಸಹಿ ಹಾಕುವವರಿಗೆ ಅದರ ಪ್ರತಿ ಕೊಟ್ಟು, ಫೋನ್ ಬರಬಹುದೆಂದು ತಿಳಿಸಿಡಿ. ಎಚ್‌ಆರ್ ವಿಭಾಗಕ್ಕೂ ಒಂದು ಇಮೇಲ್ ಇರಲಿ.

‘ಯಾವುದಾದರೂ ದೇಶದ ವೀಸಾ ನಿಮಗೆ ನಿರಾಕರಣೆಯಾಗಿದೆಯೇ?’ ಎಂಬ ಪ್ರಶ್ನೆಗೆ ಇನ್ನು ಮುಂದೆ ಎಲ್ಲ ಕಡೆಯೂ ‘ಹೌದು’ ಎಂದೇ ಬರೆಯಬೇಕು, ಪ್ರವಾಸಿ ವೀಸಾದ ಅರ್ಜಿಯಾದರೂ ಸರಿ. ಆಸ್ಟ್ರೇಲಿಯಾ, ಕೆನಡಾ, ಬ್ರಿಟನ್, ನ್ಯೂಜಿಲೆಂಡ್ ಮತ್ತು ಅಮೆರಿಕ ವಲಸೆಯ ಮಾಹಿತಿಯನ್ನು ಪರಸ್ಪರ ಹಂಚಿಕೊಳ್ಳುತ್ತವೆ. ಪಾಯಿಂಟ್ ಲೆಕ್ಕದ ನಿರಾಕರಣೆಯನ್ನು ದಿನಾಂಕ, ಸಬ್‌ಕ್ಲಾಸ್ ಮತ್ತು ಕಾರಣದೊಂದಿಗೆ ಎರಡು ಸಾಲಿನಲ್ಲಿ ಹೇಳಿಕೊಂಡರೆ ಅದರಿಂದ ಸಾಮಾನ್ಯವಾಗಿ ದೊಡ್ಡ ತೊಂದರೆಯಾಗುವುದಿಲ್ಲ. ಮುಚ್ಚಿಟ್ಟದ್ದು ಹೊರಬಂದರೆ ಆ ದೇಶದ ಸುಳ್ಳು ಮಾಹಿತಿಯ ನಿಯಮ ಮೇಲೆ ಬೀಳುತ್ತದೆ. ನಿರಾಕರಣೆಯ ಪತ್ರ ಮತ್ತು ನಿರ್ಧಾರದ ದಾಖಲೆ ಎರಡನ್ನೂ ಪಾಸ್‌ಪೋರ್ಟಿನ ಪ್ರತಿಗಳ ಜೊತೆಗೇ ತೆಗೆದಿಡಿ.